ಗೋಡೆ ನೋಯದಂತೆ ತಂತಿ ಎಳೆದವರಿಗೆ

ಚಿತ್ರದುರ್ಗದ ದೊಡ್ಡಪೇಟೆಯ ಹಳೆಯ ಮಾಳಿಗೆ ಮನೆಯೊಂದರಲ್ಲಿರುವ ನಮ್ಮ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಹೊಸ ಕಂಪ್ಯೂಟರ್ ಜಾಲ ಹಾಕುವ ಕೆಲಸ ಕಳೆದ ಶನಿವಾರ ಸಂಜೆ ಮುಗಿಯಿತು. ಹದಿನಾಲ್ಕು ತಿಂಗಳು ಹಿಡಿದ ಈ ಕೆಲಸದಲ್ಲಿ ಕಲ್ಲು ಮಣ್ಣಿನ ಆ ಗೋಡೆಗಳಿಗೆ ಹೊಸದಾಗಿ ಒಂದು ತೂತೂ ಬೀಳಲಿಲ್ಲ. ಇಲ್ಲಿಯ ದಾಖಲೆಗಳನ್ನು ನೋಡಿಕೊಳ್ಳುವ ನಾನು ಈ ಒಂದು ವಾಕ್ಯವನ್ನು ಬರೆಯುವ ದಿನಕ್ಕಾಗಿ ಕಾದಿದ್ದೆ. ಅದಕ್ಕೆ ಕಾರಣರಾದವರಿಗೆ ಊರಿನವರ ಎದುರಿಗೇ ನಮಸ್ಕಾರ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದಿನ ಭರಣಿ ಮಳೆಯ ರಾತ್ರಿ ನನಗೆ ಇನ್ನೂ ಮರೆತಿಲ್ಲ. ಮುಂದಿನ ಮನೆಗೂ ಹಿತ್ತಲಾಚೆಯ ಛಾಯಾಚಿತ್ರ ಕೋಣೆಗೂ ನಡುವೆ ತಾಮ್ರದ ತಂತಿಯೊಂದನ್ನು ತೆಂಗಿನ ಮರದ ಆಸರೆಯಲ್ಲಿ ಎಳೆಯಲಾಗಿತ್ತು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದು, ಅದರ ಹೊಡೆತ ಆ ತಂತಿಗುಂಟ ಒಳಗೆ ಬಂದು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ಎರಡು ಕಂಪ್ಯೂಟರು, ಅವುಗಳ ಜೊತೆಗೆ ಒಂದು ಇಡೀ ಬೇಸಿಗೆಯ ಕೆಲಸವಿದ್ದ ಡಿಸ್ಕು ಸುಟ್ಟುಹೋದವು. ಆ ಡಿಸ್ಕಿನಲ್ಲಿ ಇದ್ದದ್ದು ಕಡತಗಳ ಚಿತ್ರಗಳು. ಇಂದು ಕಡತವೆಂದರೆ ಕಚೇರಿಯ ಫೈಲು ಎಂದೇ ಎಲ್ಲರಿಗೂ ಗೊತ್ತು. ನಮ್ಮಲ್ಲಿರುವುದು ಮೂಲದ ಕಡತ, ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಮಸಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಲೆಕ್ಕದ ಪುಸ್ತಕ. ಬೆರಳು ತಾಗಿದರೆ ಅಕ್ಷರ ಮಾಸುತ್ತದೆ, ಬಿಚ್ಚಿದಷ್ಟೂ ಮಡಿಕೆ ಸೀಳುತ್ತದೆ. ಒಮ್ಮೆ ಮಾತ್ರ ಬಿಚ್ಚಬೇಕೆಂದು ಪಣ ತೊಟ್ಟು ತೆಗೆದ ಚಿತ್ರಗಳು ಹೋದಾಗ, ಅದೇ ಮಡಿಕೆಗಳನ್ನು ಮತ್ತೊಮ್ಮೆ ಬಿಡಿಸಲು ನನ್ನ ಕೈ ಏಳಲಿಲ್ಲ.

ಅದಕ್ಕೂ ಮೊದಲೊಂದು ಪೆಟ್ಟು ಬಿದ್ದಿತ್ತು. ಹಿಂದೊಮ್ಮೆ ತಂತಿ ಹಾಕಲು ಬಂದ ಗುತ್ತಿಗೆದಾರರೊಬ್ಬರು ಪಡಸಾಲೆಯ ಗೋಡೆಯನ್ನು ಐದು ಕಡೆ ಕೊರೆದು, ತೂತುಗಳ ಸುತ್ತ ಸಿಮೆಂಟು ಮೆತ್ತಿ ಹೋಗಿದ್ದರು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ತಡೆದು ನಿಲ್ಲಿಸುತ್ತದೆ. ಎರಡೇ ಮಳೆಗಾಲದಲ್ಲಿ ಆ ಜಾಗಗಳಲ್ಲಿ ಚೌಳು ಹತ್ತಿ, ಸುತ್ತಲಿನ ಹಳೆಯ ಗಾರೆ ಹಪ್ಪಳದಂತೆ ಏಳತೊಡಗಿತು.

ಆದ್ದರಿಂದಲೇ ದಾವಣಗೆರೆಯಿಂದ ಬಂದ ಜಾಲದ ಇಂಜಿನಿಯರ್ ಅವರಿಗೆ ನನ್ನ ಮೊದಲ ನಮಸ್ಕಾರ. ಮೊದಲ ಮೂರು ದಿನ ಅವರು ಚೀಲದಿಂದ ಹೊರಗೆ ತೆಗೆದದ್ದು ಒಂದು ಟಾರ್ಚು, ಒಂದು ಅಳತೆ ಟೇಪು, ಒಂದು ನೋಟುಬುಕ್ಕು ಮಾತ್ರ. ಅಟ್ಟ ಹತ್ತಿ, ಜಂತೆಗಳ ನಡುವೆ ತೆವಳಿ, ಬೆಳಕಿಂಡಿಗಳನ್ನು ಎಣಿಸಿ, ಈ ಮನೆ ತಾನೇ ಬಿಟ್ಟುಕೊಟ್ಟಿರುವ ದಾರಿಗಳ ನಕ್ಷೆಯೊಂದನ್ನು ಬರೆದರು. ಎರಡೂವರೆ ಅಡಿ ದಪ್ಪದ ಗೋಡೆಯನ್ನು ವೈಫೈ ದಾಟಲಾರದು, ಅದರಲ್ಲೂ ವೇಗ ಹೆಚ್ಚಿರುವ 5 ಗಿಗಾಹರ್ಟ್ಸ್ ತರಂಗ ಕಲ್ಲಿನ ಮುಂದೆ ಬೇಗ ಸೋಲುತ್ತದೆ ಎಂಬುದನ್ನು ಫೋನು ಹಿಡಿದು ಬಾಗಿಲಿನಿಂದ ಬಾಗಿಲಿಗೆ ನಡೆಸಿ ತೋರಿಸಿದರು. ಗೋಡೆಯನ್ನು ಗೆಲ್ಲುವ ಹಟವನ್ನು ಅಲ್ಲಿಗೇ ಬಿಟ್ಟು, ಕೋಣೆಗೊಂದು ಚಿಕ್ಕ ವೈಫೈ ಪೆಟ್ಟಿಗೆಯನ್ನು ತೊಲೆಯ ಮರೆಯಲ್ಲಿ ಪಟ್ಟಿ ಬಿಗಿದು ನಿಲ್ಲಿಸಿದರು. ಡೇಟಾ ಹೋಗುವ ತಂತಿಯಲ್ಲೇ ವಿದ್ಯುತ್ತನ್ನೂ ಕಳುಹಿಸುವ ಪಿಓಇ ಸ್ವಿಚ್ಚಿನಿಂದಾಗಿ ಆ ಪೆಟ್ಟಿಗೆಗಳಿಗಾಗಲಿ ಕ್ಯಾಮೆರಾಗಳಿಗಾಗಲಿ ಬೇರೆ ಕರೆಂಟಿನ ವೈರು ಬೇಕಾಗಲಿಲ್ಲ. ಒಣಗಿದ ಮರದ ಜಂತೆಗಳಿರುವ ಮನೆಯಲ್ಲಿ ಇದು ಸಣ್ಣ ನೆಮ್ಮದಿಯಲ್ಲ. ಹಿತ್ತಲು ದಾಟಲು ತಾಮ್ರದ ಬದಲು ಲೋಹದ ಎಳೆಯೇ ಇಲ್ಲದ ಫೈಬರ್ ಹಾಕಿದರು. ಗಾಜಿನಲ್ಲಿ ಹರಿಯುವುದು ಬೆಳಕಾದ್ದರಿಂದ ಸಿಡಿಲಿನ ಹೊಡೆತಕ್ಕೆ ಅಲ್ಲಿ ಇನ್ನು ದಾರಿಯಿಲ್ಲ. ಮೊದಲ ಸಲ ಎಳೆದ ಫೈಬರ್ ಅಟ್ಟದ ಮೂಲೆಯಲ್ಲಿ ತೀರ ಬಾಗಿ, ಬೆಳಕು ಆಚೆ ತುದಿಗೆ ತಲುಪಲೇ ಇಲ್ಲ. ಮುಖ ಕಿರಿದು ಮಾಡದೆ ಅವರು ಅದನ್ನು ಹೊರಗೆಳೆದು, ಮಾರನೆಯ ದಿನ ಮೊದಲ ಬಸ್ಸಿಗೇ ಹೊಸ ಸುರುಳಿಯೊಂದಿಗೆ ಬಂದರು.

ಗಾರೆ ಮೇಸ್ತ್ರಿಯವರ ಋಣವನ್ನು ನಾನು ಹೇಗೆ ಬರೆಯಲಿ? ಹಳೆಯ ಐದು ತೂತುಗಳ ಸಿಮೆಂಟನ್ನು ಅವರು ಸುತ್ತಿಗೆಯಿಂದ ಒಡೆಯಲಿಲ್ಲ. ಅಂಗೈಯಗಲದ ಉಳಿಯಿಂದ ಕೆರೆಯುತ್ತಾ, ಆಗಾಗ ಕೈ ನಿಲ್ಲಿಸಿ, ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿ ಕೇಳುತ್ತಿದ್ದರು. ಟೊಳ್ಳು ದನಿ ಬಂದ ಕಡೆ ಅಂದಿಗೆ ಕೆಲಸ ನಿಲ್ಲುತ್ತಿತ್ತು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಬೆರೆಸಿ, ತಾವೇ ಬೆರಳಿನಲ್ಲಿ ತೀಡಿ ಹದ ನೋಡಿದ ಮೇಲೆಯೇ ಮೆತ್ತಿದರು. ಆ ಐದರಲ್ಲಿ ಎರಡು ತೂತುಗಳನ್ನು ಮುಚ್ಚದೆ ಮಣ್ಣಿನ ಕೊಳವೆ ಕೂರಿಸಿಕೊಟ್ಟರು. ಹೊಸ ತಂತಿಗಳೆಲ್ಲ ಇಂದು ಹಾದುಹೋಗುವುದು ಆ ಹಳೆಯ ಗಾಯಗಳ ಮೂಲಕವೇ. ನಾಳೆ ಬೇಡವೆನಿಸಿದರೆ ತಂತಿಯನ್ನು ಎಳೆದು ತೆಗೆಯಬಹುದು, ಮನೆ ಇದ್ದಂತೆಯೇ ಉಳಿಯುತ್ತದೆ.

ಕೋಟೆಯ ಗೋಡೆ ನಮ್ಮ ಹಿತ್ತಲಿಗೆ ದೂರವಲ್ಲ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರು ನಿಯಂತ್ರಿತ ಪ್ರದೇಶ ಎಂಬ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಕಾರಣ, ಫೈಬರ್ ಹೂಳುವ ಒಂದು ಸಣ್ಣ ಕಾಲುವೆಗೂ ನಾವು ಅನುಮತಿಗೆ ಕಾದೆವು. ಆ ಕಾಯುವಿಕೆಯ ಬಗ್ಗೆ ನನಗೆ ಬೇಸರವಿಲ್ಲ. ಏಳು ಸುತ್ತಿನ ಕೋಟೆಯ ಬುಡದಲ್ಲಿ ಯಾರು ಬೇಕಾದರೂ ಗುದ್ದಲಿ ಹಾಕುವಂತಿರಬಾರದು. ನಕ್ಷೆಯಲ್ಲಿದ್ದ ತಪ್ಪನ್ನು ತಾಳ್ಮೆಯಿಂದ ತಿದ್ದಿಸಿದ ಅಧಿಕಾರಿಗಳಿಗೆ, ರಜೆಯ ದಿನಗಳಲ್ಲಿ ಬಂದು ತಂತಿಗಳಿಗೆಲ್ಲ ಹೆಸರಿನ ಚೀಟಿ ಕಟ್ಟಿದ ವಿದ್ಯಾರ್ಥಿಗಳಿಗೆ, ಸ್ವಿಚ್ಚಿನ ಖರ್ಚನ್ನು ತಮ್ಮ ಹೆಸರು ಹೇಳದೆ ಭರಿಸಿದವರಿಗೆ, ಆರು ತಿಂಗಳು ನಮ್ಮ ಪೆಟ್ಟಿಗೆಗಳನ್ನು ತಮ್ಮ ನಡುಮನೆಯಲ್ಲಿ ಇಟ್ಟುಕೊಂಡ ಪಕ್ಕದ ಮನೆಯ ಅಜ್ಜಿಗೆ ಶರಣು.

ಈಗಿನ ದಿನಚರಿಯನ್ನೂ ಹೇಳಬೇಕು. ಒಂದು ಮಡಿಕೆಯ ಚಿತ್ರ ಸುಮಾರು 100 ಎಂಬಿ ತೂಗುತ್ತದೆ. ಹಿಂದೆ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹಿತ್ತಲು ದಾಟುತ್ತಿದ್ದೆವು. ಈಗ ಕ್ಲಿಕ್ಕಿಸಿದ ಒಂದೆರಡು ಸೆಕೆಂಡಿನಲ್ಲಿ ಮುಂದಿನ ಮನೆಯ ಸರ್ವರಿಗೆ ಬಂದು ಕೂರುತ್ತದೆ, ರಾತ್ರಿ ಅದರ ಇನ್ನೊಂದು ಪ್ರತಿ ಊರಿನಾಚೆಯ ಸರ್ವರಿಗೆ ಹೋಗುತ್ತದೆ. ಬಂದವರ ಫೋನುಗಳು ಒಂದು ವಿಲ್ಯಾನಿನಲ್ಲಿ (ಅಂದರೆ ಒಂದೇ ಜಾಲದೊಳಗೆ ಬೇರ್ಪಡಿಸಿದ ಭಾಗದಲ್ಲಿ), ನಮ್ಮ ದಾಖಲೆಗಳು ಇನ್ನೊಂದರಲ್ಲಿ, ಕ್ಯಾಮೆರಾಗಳು ಮತ್ತೊಂದರಲ್ಲಿ ಇರುವುದರಿಂದ ಒಂದರ ತೊಂದರೆ ಇನ್ನೊಂದಕ್ಕೆ ತಗಲುವ ಭಯ ಕಡಿಮೆಯಾಗಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ನಮ್ಮ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ವರದಿಯ ಮಡಕೆ ರೇಖಾಚಿತ್ರಗಳನ್ನು ಪರದೆಯ ಮೇಲೆ ತೆರೆದಿಟ್ಟು, ನಮ್ಮ ಕಪಾಟಿನ ಬೋಕಿಗಳನ್ನು, ಅಂದರೆ ಮಡಕೆ ಚೂರುಗಳನ್ನು, ಪಕ್ಕದಲ್ಲೇ ಹಿಡಿದು ಹೋಲಿಸುವ ಹುಡುಗಿಯೊಬ್ಬಳನ್ನು ಮೊನ್ನೆ ನೋಡಿ ನನಗೆ ಕಣ್ಣು ತುಂಬಿಬಂತು.

ಸುಟ್ಟ ಡಿಸ್ಕಿನೊಂದಿಗೆ ಹೋಗಿದ್ದ ಕಡತಗಳಲ್ಲಿ ಮೊದಲನೆಯದನ್ನು ಶನಿವಾರ ಮತ್ತೆ ಬಿಚ್ಚಿದೆವು. ಎರಡು ಮಡಿಕೆ ಸೀಳಿದವು, ಉಳಿದವು ತಡೆದುಕೊಂಡವು. ಅದೊಂದು ಮನೆ ಕಟ್ಟಿಸಿದ ಲೆಕ್ಕ: ಸುಣ್ಣ ಇಷ್ಟು ಹೇರು, ಬೆಲ್ಲ ಇಷ್ಟು ಮಣ, ಕೂಲಿ ಇಷ್ಟು. ನಾನು ಗಟ್ಟಿಯಾಗಿ ಓದುತ್ತಿದ್ದಂತೆ ಮೇಸ್ತ್ರಿಯವರು ಕೈ ಒರೆಸಿಕೊಂಡು ಪರದೆಯ ಹತ್ತಿರ ಬಂದು, ಬೆಲ್ಲದ ಸಾಲನ್ನು ಇನ್ನೊಮ್ಮೆ ಓದಿಸಿ, "ಅಮ್ಮಾರೆ, ಇದನ್ನ ನಂಗೊಂದು ಬರ್ಕೊಡ್ರಿ" ಎಂದರು. ಆ ಹಾಳೆಯನ್ನು ಮುದ್ರಿಸಿ ಅವರ ಕೈಯಲ್ಲಿಟ್ಟೆ.