ಮಗಳಿಗೊಂದು ಪತ್ರ: ಲ್ಯಾಪ್‌ಟಾಪ್ ಹೋದರೆ ಹೋಗಲಿ

ಪುಟ್ಟಿ,

ಕಾಲೇಜಿಗೆ ಯಾವ ಲ್ಯಾಪ್‌ಟಾಪ್ ಅನ್ನುವುದಕ್ಕೆ ನಿನ್ನೆ ರಾತ್ರಿ ಮಾತು ಜೋರಾಯಿತು. "ನನಗೆ ಯಾವ ಲ್ಯಾಪ್‌ಟಾಪೂ ಬೇಡ, ಅಣ್ಣನ ಹಳೇದನ್ನೇ ಕಳಿಸಿಬಿಡಿ" ಅಂತ ನೀನು ಫೋನ್ ಇಟ್ಟೆ. ನಾನೂ ಮತ್ತೆ ಮಾಡಲಿಲ್ಲ. ಫೋನಿನಲ್ಲಿ ಶುರು ಮಾಡಿದರೆ ಮತ್ತೆ ಜಗಳಕ್ಕೇ ಹೋಗಿ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಾತನ್ನು ಅರ್ಧಕ್ಕೇ ತಡೆದದ್ದಕ್ಕೆ ಕ್ಷಮಿಸು. ಆದರೆ ಮ್ಯಾಕ್‌ಬುಕ್ ಬೇಡ ಅಂದದ್ದು ಬೇಡವೇ.

ಮೊದಲು ಅಣ್ಣನ ಲ್ಯಾಪ್‌ಟಾಪ್ ವಿಷಯ ಮುಗಿಸಿಬಿಡುತ್ತೇನೆ. ಅದು 2016ರದ್ದು, ಅದರಲ್ಲಿರುವುದು ವಿಂಡೋಸ್ 10. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಷ್ಟು ಹಳೆಯ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ನೂರಾರು ಜನ ಒಂದೇ ವೈಫೈ ಬಳಸುವ ಹಾಸ್ಟೆಲಿಗೆ ಅಂಥ ಯಂತ್ರ ಕೊಟ್ಟು ಕಳಿಸುವುದಿಲ್ಲ. ಅದು ಮನೆಯಲ್ಲೇ ಇರಲಿ.

ಇನ್ನು ನೀನು ಕೇಳಿದ ಮ್ಯಾಕ್‌ಬುಕ್ ಏರ್. "ಅದರಲ್ಲಿ ಫ್ಯಾನೇ ಇಲ್ಲಮ್ಮ, ರಾತ್ರಿ ರೂಮ್‌ಮೇಟ್ ಮಲಗಿದ್ದರೂ ತೊಂದರೆಯಾಗಲ್ಲ" ಅಂದೆಯಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಇನ್ನೂ ಮುಖ ನೋಡದ ಹುಡುಗಿಯ ನಿದ್ದೆಯ ಬಗ್ಗೆ ಯೋಚನೆ ಮಾಡಿದ್ದೀಯ. ಆ ಹೆಮ್ಮೆಯನ್ನು ನಿನ್ನೆಯೇ ಹೇಳಬೇಕಿತ್ತು. ನೀನು ಹೇಳಿದ್ದೂ ನಿಜವೇ. 2020ರಲ್ಲಿ ಆಪಲ್‌ನದೇ ಎಂ1 ಚಿಪ್ ಬಂದಾಗಿನಿಂದ ಆ ಲ್ಯಾಪ್‌ಟಾಪ್ ತಣ್ಣಗೆ, ಸದ್ದಿಲ್ಲದೆ ಕೆಲಸ ಮಾಡುತ್ತದೆ, ಬ್ಯಾಟರಿಯೂ ಚೆನ್ನಾಗಿ ಬಾಳುತ್ತದೆ. ಆದರೆ ನೀನು ಸೇರಿರುವುದು ಮೆಕ್ಯಾನಿಕಲ್. ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಾಲಿಡ್‌ವರ್ಕ್ಸ್ ನಿನಗೆ ಬೇಕಾಗುತ್ತದೆ, ಅದರ ಡೆಸ್ಕ್‌ಟಾಪ್ ಆವೃತ್ತಿ ಇರುವುದು ವಿಂಡೋಸ್‌ಗೆ ಮಾತ್ರ. ಇಂಟೆಲ್ ಚಿಪ್ ಇದ್ದ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಅಂತ ಇತ್ತು, ಅದರಿಂದ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಈಗಿನವುಗಳಲ್ಲಿ ಅದಿಲ್ಲ. ಅಂಥದ್ದೇ ಕೆಲಸದ ಆಟೋಕ್ಯಾಡ್, ಫ್ಯೂಷನ್ ಎರಡೂ ಮ್ಯಾಕ್‌ನಲ್ಲಿ ನಡೆಯುತ್ತವೆ ಅನ್ನುತ್ತೀಯ, ಸರಿ. ಆದರೆ ಇಡೀ ತರಗತಿ ಒಂದು ಸಾಫ್ಟ್‌ವೇರ್‌ನಲ್ಲಿ ಅಸೈನ್‌ಮೆಂಟ್ ಮಾಡುವಾಗ ನೀನೊಬ್ಬಳೇ ದಾರಿ ಹುಡುಕುತ್ತಾ ಕೂರುವುದು ಬೇಡ. ನೀನು ಸಾಹಿತ್ಯಕ್ಕೋ ಅರ್ಥಶಾಸ್ತ್ರಕ್ಕೋ ಸೇರಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

ಅಪ್ಪ ತೋರಿಸಿದ ಗೇಮಿಂಗ್ ಲ್ಯಾಪ್‌ಟಾಪ್ ನನಗೂ ಒಪ್ಪಿಗೆಯಿಲ್ಲ. ಎರಡು ಕೆಜಿಗೂ ಜಾಸ್ತಿ ಭಾರ, ಚಾರ್ಜರ್ ಬೇರೆ ಇಟ್ಟಿಗೆಯಂತಿದೆ. ಪ್ಲಗ್ ತೆಗೆದರೆ ಅದರ ಗ್ರಾಫಿಕ್ಸ್ ಕಾರ್ಡಿನ ವೇಗವೂ ಇಳಿಯುತ್ತದೆ. ದಿನವಿಡೀ ತರಗತಿಯಿಂದ ತರಗತಿಗೆ, ಅಲ್ಲಿಂದ ಲೈಬ್ರರಿಗೆ ಓಡಾಡುವವಳು ನೀನು. ಭಾರ ಅಂತ ರೂಮಿನಲ್ಲೇ ಬಿಟ್ಟುಹೋದರೆ ಅದು ಲ್ಯಾಪ್‌ಟಾಪ್ ಹೇಗಾಗುತ್ತದೆ? ಶುರುವಿನಲ್ಲಿ ಮಾಡುವ ಬಿಡಿಭಾಗಗಳ ಮಾಡೆಲ್‌ಗೆ ಅಷ್ಟು ದೊಡ್ಡ ಕಾರ್ಡೂ ಬೇಕಿಲ್ಲ.

14 ಇಂಚಿನ ಪರದೆ, ಒಂದೂವರೆ ಕೆಜಿಯೊಳಗೆ ತೂಕ, 16 ಜಿಬಿ ರ್‍ಯಾಮ್, ಫೈಲ್ ಇಡಲು 512 ಜಿಬಿ ಎಸ್‌ಎಸ್‌ಡಿ. ಇದು ನನ್ನ ಲೆಕ್ಕ. ರ್‍ಯಾಮ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎಷ್ಟೋ ಸಲ ಆಮೇಲೆ ಹಾಕಿಸಲು ಆಗುವುದೇ ಇಲ್ಲ. ಎಸ್‌ಎಸ್‌ಡಿ ಆದರೆ ಸಾಮಾನ್ಯವಾಗಿ ಬದಲಾಯಿಸಬಹುದು. ಯುಎಸ್‌ಬಿ-ಸಿ ಚಾರ್ಜರ್‌ನಿಂದಲೇ ಚಾರ್ಜ್ ಆಗುವಂಥದ್ದಿರಲಿ, ನಿನ್ನದನ್ನು ಮರೆತ ದಿನ ಪಕ್ಕದವರದ್ದನ್ನು ಕೇಳಬಹುದು. ನೀರು ಚೆಲ್ಲಿದರೆ, ಕೈಜಾರಿ ಬಿದ್ದರೆ ಮಾಮೂಲಿ ವಾರಂಟಿ ಬರುವುದಿಲ್ಲ, ಅದಕ್ಕೆ ಬೇರೆಯೇ ರಕ್ಷಣೆ ತೆಗೆದುಕೊಳ್ಳಬೇಕು. ಹಾಸ್ಟೆಲ್ ಮೇಜಿನ ಮೇಲೆ ನೀರಿನ ಬಾಟಲ್ ಇದ್ದೇ ಇರುತ್ತದೆ, ಹಾಗಾಗಿ ತೆಗೆದುಕೊಳ್ಳೋಣ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಬೇಡ, ಗಾಳಿ ಹೋಗುವ ಕಿಂಡಿ ಮುಚ್ಚಿಕೊಳ್ಳುತ್ತದೆ. ಬೆನ್ನಿಗೂ ಒಳ್ಳೆಯದಲ್ಲ. ಊಟದ ಹೊತ್ತಿಗೆ ಅದನ್ನು ಮುಚ್ಚಿಟ್ಟು ಏಳು. ನೋಡು, ಮತ್ತೆ ಉಪದೇಶ ಶುರುವಾಯಿತು.

ನಿಜ ಹೇಳಬೇಕೆಂದರೆ ನನ್ನ ಭಯ ಯಾವ ಲ್ಯಾಪ್‌ಟಾಪ್ ಅನ್ನುವುದರಲ್ಲಿ ಇಲ್ಲ. ಅಜ್ಜಿಯ ದನಿಯಿದ್ದ ಹಾರ್ಡ್‌ಡಿಸ್ಕ್ ಕೆಟ್ಟುಹೋದ ವಿಷಯ ನಮ್ಮಿಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ಆದರೆ ಆ ಟಕ್ ಟಕ್ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದಂತೆ. ಓದುವ ಮುಳ್ಳು ಅದಕ್ಕೆ ತಾಗದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದಂತೆ. ಆ ಸದ್ದು ಬಂದ ಮೇಲೆ ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆ ಕೆರೆದುಹೋಗಬಹುದಂತೆ. ಇದನ್ನೆಲ್ಲ ನಾನು ಓದಿಕೊಂಡದ್ದು ಆಮೇಲೆ. ಅಜ್ಜಿ ಹೇಳುತ್ತಿದ್ದ ಕತೆ ನೆನಪಿದೆ, ಮಾತುಗಳೂ ನೆನಪಿವೆ. ಕತೆಯ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರಲ್ಲ, ಅದು ಹೇಗಿತ್ತು ಅಂತ ಈಗ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ನಿನ್ನದರಲ್ಲಿ ಇರುವುದು ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ಬಿದ್ದರೂ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಆದರೆ ಕೆಟ್ಟರೆ ಟಕ್ ಅನ್ನುವ ಸದ್ದೂ ಇರುವುದಿಲ್ಲ. ನಿನ್ನೆ ಕೆಲಸ ಮಾಡಿದ್ದು ಇವತ್ತು ಆನ್ ಆಗದೇ ಇರಬಹುದು. ಅಳಿಸಿದ ಫೈಲನ್ನು ಅದರಿಂದ ಮತ್ತೆ ತೆಗೆಯುವುದೂ ಹಾರ್ಡ್‌ಡಿಸ್ಕ್‌ಗಿಂತ ಕಷ್ಟ.

"ಎಲ್ಲಾ ಕ್ಲೌಡ್‌ನಲ್ಲಿರುತ್ತೆ ಅಮ್ಮ" ಅನ್ನುತ್ತೀಯ. ಪುಟ್ಟಿ, ಅದು ಕನ್ನಡಿಯ ಹಾಗೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ನಿನ್ನ ಸ್ವಂತ ಒನ್‌ಡ್ರೈವ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ, ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಉಚಿತವಾಗಿ ಸಿಗುವ ಜಾಗ ಅಲ್ಲಿ 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ. ಕಾಲೇಜಿನ ಖಾತೆಯಲ್ಲಿ ಜಾಸ್ತಿ ಸಿಕ್ಕರೂ ಓದು ಮುಗಿದ ಮೇಲೆ ಅದನ್ನು ಮುಚ್ಚಿಬಿಡಬಹುದು, ನಿನ್ನ ನಾಲ್ಕು ವರ್ಷದ ಕೆಲಸ ಅದರಲ್ಲೇ ಇದ್ದರೆ? ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ ಇರಬೇಕು, ಅದರಲ್ಲಿ ಒಂದಾದರೂ ಆ ರೂಮಿನಿಂದ ಹೊರಗಿರಬೇಕು ಅಂತ ಕಂಪ್ಯೂಟರಿನವರು ಹೇಳುತ್ತಾರೆ. ಲ್ಯಾಪ್‌ಟಾಪಿನ ಜೊತೆ ಒಂದು ಹೊರಗಿನ ಡ್ರೈವ್ ಕೂಡ ಕಳಿಸುತ್ತೇನೆ. ವಾರಕ್ಕೊಮ್ಮೆ ಚುಚ್ಚು, ಪ್ರತಿ ಮಾಡು, ತೆಗೆದಿಡು. ಲ್ಯಾಪ್‌ಟಾಪ್ ಇರುವ ಚೀಲದಲ್ಲೇ ಇಡಬೇಡ, ಚೀಲ ಹೋದರೆ ಎರಡೂ ಹೋಗುತ್ತವೆ.

ಇನ್ನೊಂದು ಇದೆ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ತಾನಾಗಿಯೇ ಗುಪ್ತಲಿಪಿಗೆ ಬದಲಾಯಿಸುವ ಏರ್ಪಾಡು ಇರುತ್ತದೆ. ಕಳ್ಳನ ಕೈಗೆ ಸಿಕ್ಕರೆ ಓದಲಾಗದು, ಒಳ್ಳೆಯದೇ. ಆದರೆ ಅದಕ್ಕೆ 48 ಅಂಕಿಗಳ ರಿಕವರಿ ಕೀ ಇದೆ. ಯಂತ್ರ ಅದನ್ನು ಕೇಳಿದ ದಿನ ನಿನ್ನ ಹತ್ತಿರ ಇಲ್ಲದಿದ್ದರೆ ನಿನ್ನ ಫೈಲೇ ನಿನಗೆ ಸಿಗುವುದಿಲ್ಲ. ಮೊದಲ ದಿನವೇ ಕಾಗದದ ಮೇಲೆ ಬರೆದು ನನಗೊಂದು ಪ್ರತಿ ಕಳಿಸು. ನಾನು ನಿನ್ನ ಲ್ಯಾಪ್‌ಟಾಪ್ ತೆರೆದು ನೋಡುವುದಿಲ್ಲ, ನಂಬು.

ಲ್ಯಾಪ್‌ಟಾಪ್ ಕಳೆದುಹೋದರೆ, ಒಡೆದುಹೋದರೆ ನನಗೆ ಹೇಳಲು ಹೆದರಬೇಡ. ಬೈಯುವುದಿಲ್ಲ. ಹೇಗೋ ಮಾಡಿ ಇನ್ನೊಂದು ತರೋಣ. ರಾತ್ರಿಯೆಲ್ಲ ಕೂತು ನೀನು ಬಿಡಿಸಿದ್ದನ್ನು, ಬರೆದದ್ದನ್ನು ಮಾತ್ರ ನಾನು ಎಲ್ಲಿಂದ ತರಲಿ?

ಶನಿವಾರ ಅಪ್ಪ ಆರ್ಡರ್ ಮಾಡುತ್ತಾರೆ. ಅಷ್ಟರೊಳಗೆ ನಿನ್ನ ವಿಭಾಗದ ಸೀನಿಯರ್‌ಗಳನ್ನು ಎರಡು ವಿಷಯ ಕೇಳು. ಮೊದಲ ವರ್ಷ ಯಾವ ಸಾಫ್ಟ್‌ವೇರ್ ಬಳಸುತ್ತಾರೆ? ಲ್ಯಾಬಿನ ಕಂಪ್ಯೂಟರ್‌ಗಳು ರಾತ್ರಿಯೂ ಸಿಗುತ್ತವಾ? ಸಾಲಿಡ್‌ವರ್ಕ್ಸ್ ಕೆಲಸವೆಲ್ಲ ಲ್ಯಾಬಿನಲ್ಲೇ ಆಗುತ್ತದೆ ಅಂತ ಅವರು ಹೇಳಿದರೆ ನನಗೆ ಫೋನ್ ಮಾಡು. ನಿನ್ನ ಮ್ಯಾಕ್‌ಬುಕ್ ಬಗ್ಗೆ ಮತ್ತೆ ಮಾತಾಡೋಣ, ಈ ಸಲ ಪೂರ್ತಿ ಕೇಳುತ್ತೇನೆ.

ನಿನ್ನ
ಅಮ್ಮ