ಭಾನುವಾರದ ಎರಡು ಗಂಟೆ, ಗ್ರಂಥಾಲಯದ ಒಂದು ಮೇಜು: ಶಾಲಾ ಶಿಕ್ಷಣ ಸಚಿವರಿಗೆ ಪದಬಂಧ ಬಳಗದ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರೇ,

ಸವಿನಯ ನಮಸ್ಕಾರಗಳು.

ಪದಬಂಧದ ವಿಷಯವಾಗಿ ಸಚಿವರೊಬ್ಬರಿಗೆ ಪತ್ರ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಬರೆಯುವುದೇ ಆದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬರೆಯಬೇಕಲ್ಲವೇ ಎಂದು ನಮ್ಮ ಬಳಗದವರೇ ಕೇಳಿದರು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳೂ ಶಾಲೆಗಳೂ ತಮ್ಮ ಖಾತೆಯಲ್ಲೇ ಇವೆ. ಸಭಾಂಗಣ, ಶಾಲು, ಫಲತಾಂಬೂಲ ಬೇಕಿದ್ದರೆ ನಾವು ಜೆ.ಸಿ. ರಸ್ತೆಯ ಕನ್ನಡ ಭವನದ ಮೆಟ್ಟಿಲು ಹತ್ತುತ್ತಿದ್ದೆವು. ನಮಗೆ ಬೇಕಿರುವುದು ಕುಳಿತು ಆಡಲು ಒಂದು ಮೇಜು ಮತ್ತು ಆಡಲು ಬರುವ ಮಕ್ಕಳು. ಹಾಗಾಗಿ ತಮ್ಮಲ್ಲಿಗೆ ಬಂದಿದ್ದೇವೆ.

ನಮ್ಮದು ದಕ್ಷಿಣ ಬೆಂಗಳೂರಿನ ಒಂದು ಚಿಕ್ಕ ಬಳಗ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಒಬ್ಬರು ಮನೆಯಲ್ಲಿ ಹೆಣೆದು ತಂದ ಪದಬಂಧವನ್ನು ಉಳಿದವರು ಗಡಿಯಾರ ನೋಡಿಕೊಂಡು ಬಿಡಿಸುತ್ತಾರೆ. ಆಮೇಲೆ ಪದ ಸರಪಳಿ, ಒಗಟು, ಕೊಟ್ಟ ಅಕ್ಷರಗಳಿಂದ ಪದ ಕಟ್ಟುವ ಆಟ. ನಿವೃತ್ತ ಬ್ಯಾಂಕ್ ನೌಕರರು, ಕನ್ನಡ ಮೇಷ್ಟರು, ಮುದ್ರಣಾಲಯಗಳಲ್ಲಿ ಕರಡು ತಿದ್ದುತ್ತಿದ್ದವರು, ವಾರಪತ್ರಿಕೆ ಮನೆಗೆ ಬಂದ ಗಳಿಗೆಯಲ್ಲಿ ಅಡುಗೆಮನೆಯಲ್ಲೇ ಪೆನ್ನು ಹಿಡಿಯುತ್ತಿದ್ದ ಗೃಹಿಣಿಯರು ಸೇರಿ ಕಟ್ಟಿದ ಬಳಗ ಇದು. ಒಂದು ಕಾಲಕ್ಕೆ ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಬರುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೂ ಹೆಚ್ಚಿನವರು ಅರವತ್ತು ದಾಟಿದವರು.

ಇದಕ್ಕೆ ಕಾರಣ ಒಂದಲ್ಲ. ಹಿರಿಯರು ತೀರಿಕೊಂಡರು. ಕೆಲವರು ಮಕ್ಕಳ ಜೊತೆ ನಗರದ ಹೊರವಲಯದ ಅಪಾರ್ಟ್‌ಮೆಂಟುಗಳಿಗೆ ಹೋದರು. ಅಲ್ಲಿಂದ ಎರಡು ಬಸ್ ಬದಲಿಸಿ ಬರುವ ಶಕ್ತಿ ಅವರಿಗಿಲ್ಲ. ಕೊರೊನಾ ಕಾಲದಲ್ಲಿ ನಿಂತ ಬೈಠಕ್ ಮತ್ತೆ ಶುರುವಾಗುವಷ್ಟರಲ್ಲಿ ಹಲವರಿಗೆ ರೂಢಿ ತಪ್ಪಿತ್ತು. ಮನೆಗೆ ಪತ್ರಿಕೆ ತರಿಸುವುದು ನಿಂತ ಕಡೆ ಪದಬಂಧವೂ ನಿಂತಿತು. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು, ನಾವು ಕೂರುತ್ತಿದ್ದ ಶಾಖಾ ಗ್ರಂಥಾಲಯದ ಕೋಣೆ ನಮ್ಮ ಕೈತಪ್ಪಿದ್ದು. ಲಿಖಿತ ಅನುಮತಿ ಇಲ್ಲದೆ ಕೂರುವಂತಿಲ್ಲ ಎಂದರು. ಅನುಮತಿ ಕೊಡುವವರು ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು. ಅಲ್ಲಿನ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಓದುಗರ ಬಳಗಕ್ಕೆ ಜಾಗ ಕೊಡಬಹುದು ಎಂದು ಬರೆದ ಒಂದು ಕಾಗದ ಅವರ ಮುಂದಿದ್ದರೆ ಅವರು ಸಂತೋಷವಾಗಿಯೇ ಕೊಡುತ್ತಿದ್ದರು. ಅಂಥ ಕಾಗದವೇ ಇಲ್ಲ. ಈಗ ಸದಸ್ಯರೊಬ್ಬರ ಮನೆಯ ನಡುಮನೆಯಲ್ಲಿ ಸೇರುತ್ತೇವೆ. ಅಪರಿಚಿತ ಹುಡುಗನೊಬ್ಬ ಯಾರದೋ ಮನೆಯ ಕರೆಗಂಟೆ ಒತ್ತಿ ‘ಪದಬಂಧ ಇಲ್ಲೇ ತಾನೇ?’ ಎಂದು ಕೇಳುವುದಿಲ್ಲ. ಗ್ರಂಥಾಲಯದಲ್ಲಾದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವನು ನಮ್ಮ ಮೇಜಿನ ಪಕ್ಕ ನಿಂತು, ಒಂದು ಸುಳಿವಿಗೆ ಉತ್ತರ ಹೇಳಿ, ಮುಂದಿನ ತಿಂಗಳು ತಾನೇ ಕುರ್ಚಿ ಎಳೆದುಕೊಳ್ಳುತ್ತಿದ್ದ. ನಮಗೆ ಹೊಸ ಸದಸ್ಯರು ಸಿಗುತ್ತಿದ್ದದ್ದು ಹೀಗೆಯೇ.

ಆಸಕ್ತಿಯೇ ಸತ್ತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ವರ್ಡಲ್ ಎಂಬ ಐದಕ್ಷರದ ಇಂಗ್ಲಿಷ್ ಆಟ ಬಂದಾಗ ಇದೇ ಬೆಂಗಳೂರಿನ ಯುವಕ ಯುವತಿಯರು ಬೆಳಿಗ್ಗೆ ಎದ್ದು ಹಸಿರು, ಹಳದಿ ಚೌಕಗಳನ್ನು ಪರಸ್ಪರ ಕಳುಹಿಸುತ್ತಿದ್ದರು. ಮರುವರ್ಷ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಮೆಟ್ರೊದಲ್ಲಿ ಇಂದಿಗೂ ಮೊಬೈಲಿನಲ್ಲಿ ಪದ ಹುಡುಕುತ್ತಾ ಕುಳಿತವರನ್ನು ನೋಡುತ್ತೇನೆ. ಅವರ ಪೈಕಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಮಾತನಾಡುವವರೇ. ತಮ್ಮ ನುಡಿಯಲ್ಲೂ ಇಷ್ಟೇ ರುಚಿಯ ಆಟವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿನ ರುಚಿಯೇ ಬೇರೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಗಟಿನಿಂದ ಪದಬಂಧ ಜಗತ್ತಿಗೆ ಹರಡಿತು. ಅಲ್ಲಿ ಒಂದು ಚೌಕಕ್ಕೆ ಒಂದು ಇಂಗ್ಲಿಷ್ ಅಕ್ಷರ. ಕನ್ನಡಕ್ಕೆ ಬಂದಾಗ ಚೌಕದೊಳಗೆ ಕಾಗುಣಿತ, ಒತ್ತು, ಅನುಸ್ವಾರ ಎಲ್ಲವೂ ಕೂಡಿದ ಇಡೀ ಅಕ್ಷರ ಬಂದು ಕುಳಿತಿತು. ‘ಸ್ತ್ರೀ’ ಎಂಬುದಕ್ಕೆ ಒಂದೇ ಮನೆ ಸಾಕು. ಹೀಗಾಗಿ ತಿರುಗುಮುರುಗಿನ ಸುಳಿವುಗಳು ಕನ್ನಡದಲ್ಲಿ ಅಕ್ಷರದ ಲೆಕ್ಕದಲ್ಲಿ ನಡೆಯುತ್ತವೆ. ‘ದಿನ ತಿರುಗಿದರೆ ಹರಿಯುವುದು (2)’ ಎಂದರೆ ‘ನದಿ’; ಆವರಣದ ಅಂಕಿ ಉತ್ತರಕ್ಕೆ ಬೇಕಾದ ಮನೆಗಳ ಸಂಖ್ಯೆ. ‘ಸಾವಿನ ದೇವರು ಹಿಂದಿರುಗಿದರೆ ಅಸುರರ ಶಿಲ್ಪಿ (2)’ ಎಂದರೆ ಯಮ ತಿರುಗಿ ‘ಮಯ’. ‘ಅರಸನನ್ನು ತಿರುಗಿಸಿದರೆ ಮುಪ್ಪು (2)’ ಎಂದರೆ ರಾಜ ತಿರುಗಿ ‘ಜರಾ’. ಈ ಮೂರನೆಯದನ್ನು ಹೆಣೆದವರು ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು. ಇದನ್ನು ಬಿಡಿಸಿದ ಮೇಲೆ ಮೇಜಿನ ಸುತ್ತ ಎಲ್ಲರೂ ಒಮ್ಮೆಲೇ ‘ಆಹಾ’ ಎಂದದ್ದು ನನಗೆ ನೆನಪಿದೆ. ಒಂದು ಭಾಷೆಯಲ್ಲಿ ಇಷ್ಟು ಹತ್ತಿರ ಹೋಗಿ ಆಡಿದವರು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಪದಗಳನ್ನು ಆಟವಾಗಿಸುವುದು ನಮಗೆ ಹೊರಗಿನಿಂದ ಬಂದ ಚಟವೂ ಅಲ್ಲ. ಹಲವರು ಒಡ್ಡುವ ಸವಾಲುಗಳಿಗೆ ಸ್ಥಳದಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನ ಕಲೆಯಲ್ಲಿ ನಿಷೇಧಾಕ್ಷರಿ ಎಂಬ ಅಂಗವಿದೆ. ಅವಧಾನಿ ಪದ್ಯ ಕಟ್ಟುತ್ತಾ ಹೋದಂತೆ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಮುಂದಿನ ಅಕ್ಷರ ಇದಾಗಕೂಡದು ಎಂದು ತಡೆಯುತ್ತಾರೆ. ಅವಧಾನಿ ಅದನ್ನು ತಪ್ಪಿಸಿ ಬೇರೆ ಅಕ್ಷರದಿಂದ ಅರ್ಥವನ್ನೂ ಛಂದಸ್ಸನ್ನೂ ಉಳಿಸಿಕೊಳ್ಳಬೇಕು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಇದೇ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದ ಶತಾವಧಾನ, ಅಂದರೆ ನೂರು ಪೃಚ್ಛಕರ ಅವಧಾನ, ನಡೆಸಿದರು. ಅಂಥ ಎತ್ತರದ ವಿದ್ಯೆ ಎಲ್ಲರಿಗೂ ದಕ್ಕುವುದಲ್ಲ. ಆದರೆ ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡುವ ಮಕ್ಕಳಿಂದ ಹಿಡಿದು ಅವಧಾನದ ವೇದಿಕೆಯವರೆಗೆ ಇರುವ ದಾರಿಯಲ್ಲಿ ಪದಬಂಧ ಯಾರು ಬೇಕಾದರೂ ಕಾಲಿಡಬಹುದಾದ ಒಂದು ಮೆಟ್ಟಿಲು.

ಈಗ ನಮ್ಮನ್ನು ಹೆಚ್ಚು ಕಾಡುವ ಒಂದು ತೊಡಕನ್ನು ವಿವರವಾಗಿ ಹೇಳಬೇಕು. ಆಟದಲ್ಲಿ ಜಗಳವಾದರೆ ತೀರ್ಪು ಕೊಡುವವರು ಯಾರು? ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಇಂಗ್ಲಿಷ್ ಸ್ಕ್ರ್ಯಾಬಲ್ ಆಡುವವರಿಗೆ ಒಪ್ಪಿತ ಪದಪಟ್ಟಿ ಇದೆ. ಪಟ್ಟಿಯಲ್ಲಿದ್ದರೆ ಪದ, ಇಲ್ಲದಿದ್ದರೆ ಅಲ್ಲ. ಅಲ್ಲಿಗೆ ವಾದ ಮುಗಿಯಿತು. ನಮ್ಮಲ್ಲಿ ‘ಮನೆಯಲ್ಲಿ’ ಎಂಬುದನ್ನು ಒಪ್ಪಬೇಕೋ, ವಿಭಕ್ತಿ ಕಳಚಿ ‘ಮನೆ’ಯನ್ನಷ್ಟೇ ಒಪ್ಪಬೇಕೋ? ‘ಬಸ್ಸು’ ನಡೆಯುತ್ತದೆಯೇ? ಬೆಂಗಳೂರಿನವರು ‘ಗೋರಿಕಾಯಿ’ ಎಂದಾಗ ಧಾರವಾಡದ ಕಡೆಯಿಂದ ಬಂದವರು ಅದೇ ಕಾಯಿಗೆ ‘ಚವಳಿಕಾಯಿ’ ಎಂದು ಬರೆದರೆ ಅಂಕ ಕೊಡಬೇಕಲ್ಲವೇ? ಖಂಡಿತ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕದ ಎಲ್ಲ ಜಿಲ್ಲೆಗಳ ಜನ ಬಂದು ನೆಲೆಸಿರುವ ಊರು ಇದು. ಅವರವರ ಪದಗಳು ಒಂದೇ ಮೇಜಿನ ಮೇಲೆ ಸೇರುವುದು ಈ ಆಟದ ದೊಡ್ಡ ಲಾಭ. ಆದರೆ ನನ್ನ ಅಭಿಪ್ರಾಯ ಪಂದ್ಯದ ನಿಯಮವಾಗಲಾರದು. ಪಟ್ಟಿ ಇಲ್ಲದಿದ್ದರೆ ಅಂತರಶಾಲಾ ಪಂದ್ಯವನ್ನು ನಡೆಸಲಾಗದು, ಮೊಬೈಲ್ ಆಟವನ್ನೂ ನೆಟ್ಟಗೆ ಮಾಡಲಾಗದು.

ಮೂಲಸಾಮಗ್ರಿಗೆ ಕೊರತೆಯಿಲ್ಲ. 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ಇದೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ದಶಕಗಳ ಕಾಲ ದುಡಿದು ಎಂಟು ಸಂಪುಟಗಳ ನಿಘಂಟನ್ನು ಕೊಟ್ಟಿದೆ, ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಅದಕ್ಕಾಗಿ ಆಯುಷ್ಯ ಸವೆಸಿದರು. ವಿ. ಕೃಷ್ಣ ಅವರು ಒಬ್ಬರೇ ಕುಳಿತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಇಂದು ಅಂತರ್ಜಾಲದಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಸಿಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕನ್ನಡ ಪಠ್ಯಗಳ ಸಂಗ್ರಹವಿದೆ. ಇವುಗಳಿಂದ, ಇಂದು ಬಳಕೆಯಲ್ಲಿರುವ ಪದಗಳನ್ನೂ ಹಳಗನ್ನಡದವನ್ನೂ ಪ್ರಾದೇಶಿಕ ರೂಪಗಳನ್ನೂ ಗುರುತು ಹಾಕಿ ಬೇರ್ಪಡಿಸಿದ ಒಂದು ‘ಆಟದ ಪದಪಟ್ಟಿ’ ತಯಾರಾಗಬೇಕು. ಸರ್ಕಾರದ್ದೇ ಆದ ‘ಕಣಜ’ ಜಾಲತಾಣದಲ್ಲಿ ಅದನ್ನು ಎಲ್ಲರೂ ಬಳಸುವಂತೆ ಪ್ರಕಟಿಸಬೇಕು. ಪರಿಷತ್ತು, ಭಾಷಾ ಸಂಸ್ಥಾನ, ಕಣಜ ಈ ಮೂರನ್ನೂ ಒಂದು ಮೇಜಿಗೆ ಕರೆಯುವ ಅಧಿಕಾರ ನಮ್ಮಂಥ ಬಳಗಕ್ಕಿಲ್ಲ, ತಮಗಿದೆ.

ಅಕ್ಷರಗಳ ಎಣಿಕೆಯೂ ಇದರ ಜೊತೆಗೆ ಆಗಲಿ. ಸ್ಕ್ರ್ಯಾಬಲ್ ರೂಪಿಸಿದ ಆಲ್ಫ್ರೆಡ್ ಬಟ್ಸ್ ಅವರು ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿ, ಅದರಂತೆ ಬಿಲ್ಲೆಗಳನ್ನು ಹಂಚಿದರು. ಆ ಆಟದಲ್ಲಿ ಒಟ್ಟು 100 ಬಿಲ್ಲೆಗಳು. ಕನ್ನಡದ 34 ವ್ಯಂಜನಗಳ ಕಾಗುಣಿತವೇ ನಾನೂರನ್ನು ದಾಟುತ್ತದೆ, ಒತ್ತಕ್ಷರಗಳು ಬೇರೆ. ಇಡೀ ಅಕ್ಷರಕ್ಕೊಂದು ಬಿಲ್ಲೆ ಮಾಡಲು ಹೊರಟರೆ ಡಬ್ಬಿ ಸಾಲದು. ಸ್ವರಚಿಹ್ನೆಗಳನ್ನೂ ಒತ್ತುಗಳನ್ನೂ ಬೇರೆ ಬಿಲ್ಲೆಗಳಾಗಿಸಿ ಜೋಡಿಸುವ ಒಂದು ವಿಧಾನವನ್ನು ನಾವು ರಟ್ಟಿನಲ್ಲಿ ಕತ್ತರಿಸಿ ಆಡಿ ನೋಡಿದ್ದೇವೆ. ಮಕ್ಕಳಿಗೆ ಅದು ಚೆನ್ನಾಗಿ ಹಿಡಿಸುತ್ತದೆ. ಯಾವ ಬಿಲ್ಲೆ ಎಷ್ಟಿರಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮಾತ್ರ ಅಂದಾಜಿನ ಮೇಲೆ ನಿರ್ಧರಿಸಲಾಗದು. ಮೊಬೈಲಿಗೆ ತರುವವರಿಗೂ ತೊಡಕಿದೆ: ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್‌ನಲ್ಲಿ ‘ಸ್ತ್ರೀ’ ಆರು ಸಂಕೇತಗಳು ಸೇರಿ ಆದದ್ದು. ಇಂಗ್ಲಿಷಿಗೆಂದು ಬರೆದ ತಂತ್ರಾಂಶವನ್ನು ಹಾಗೆಯೇ ತಂದರೆ ಅಕ್ಷರ ಹರಿದು ಚೂರಾಗುತ್ತದೆ. ಈ ನಗರದ ತಂತ್ರಾಂಶ ಬಲ್ಲ ಯುವಕರಿಗೆ ಇದು ಕಷ್ಟದ ಕೆಲಸವೇನಲ್ಲ. ಪದಪಟ್ಟಿ ಮತ್ತು ಎಣಿಕೆ ಕೈಗೆ ಸಿಕ್ಕರೆ ಅವರು ತಾವಾಗಿಯೇ ಮುಂದೆ ಬರುತ್ತಾರೆ ಎಂಬ ನಂಬಿಕೆ ನನ್ನದು.

ಇನ್ನು ಶಾಲೆಗಳ ಮಾತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ರಾಜ್ಯದ ಎಲ್ಲ ಶಾಲೆಗಳ ಮಕ್ಕಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಬೇಕು. ಬೆಂಗಳೂರಿನಲ್ಲಿ ಅವರಲ್ಲಿ ಅನೇಕರ ಮನೆಮಾತು ಬೇರೆ. ಅವರಿಗೆ ಕನ್ನಡ ಎಂದರೆ ಪರೀಕ್ಷೆಯ ಒಂದು ಪತ್ರಿಕೆ. ನಗರದ ಒಂದು ಶಾಲೆಯಲ್ಲಿ ಏಳನೆಯ ತರಗತಿಯವರಿಗೆ ಪದಬಂಧ ಹೇಳಿಕೊಡಲು ಹೋಗಿದ್ದೆ. ಮನೆಯಲ್ಲಿ ಒಡಿಯಾ ಮಾತನಾಡುವ ಹುಡುಗನೊಬ್ಬ ‘ಅಕ್ಕರೆಗೆ ಮೂರು ಮನೆಯೋ ನಾಲ್ಕೋ?’ ಎಂದು ಕೇಳಿದ. ತರಗತಿ ಎರಡು ಪಕ್ಷವಾಯಿತು. ಒತ್ತು ತನ್ನ ಅಕ್ಷರದ ಜೊತೆಗೇ ಉಚ್ಚಾರವಾಗುತ್ತದೆ, ಅದಕ್ಕೆ ಬೇರೆ ಮನೆ ಏಕೆ ಎಂದು ಕೊನೆಗೆ ಅವನೇ ವಾದಿಸಿ ಗೆದ್ದ. ಒತ್ತಕ್ಷರವೆಂದರೆ ಹೆದರುವ ಮಕ್ಕಳು ಅದರ ಬಗ್ಗೆ ಅಷ್ಟು ಹೊತ್ತು ಮಾತನಾಡಿದ್ದನ್ನು ಕಂಡು ಅಲ್ಲಿನ ಶಿಕ್ಷಕಿಗೆ ಬಹಳ ಖುಷಿಯಾಯಿತು.

ಇಂಗ್ಲಿಷಿನ ಸ್ಪೆಲ್ಲಿಂಗ್ ಸ್ಪರ್ಧೆಯನ್ನೇ ಕನ್ನಡಕ್ಕೆ ತರೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದರಲ್ಲಿ ಉತ್ಸಾಹವಿಲ್ಲ. ಬಹುಮಟ್ಟಿಗೆ ನುಡಿದಂತೆ ಬರೆಯುವ ಲಿಪಿಯಲ್ಲಿ ಅಂಥ ಸ್ಪರ್ಧೆ ಅಲ್ಪಪ್ರಾಣ, ಮಹಾಪ್ರಾಣದ ತಪ್ಪು ಹುಡುಕುವುದರಲ್ಲೇ ಮುಗಿದುಹೋಗುತ್ತದೆ. ಮಗುವಿನ ನಾಲಗೆ ಹಿಡಿದು ಅವಮಾನಿಸುವ ಯಾವ ಸ್ಪರ್ಧೆಯೂ ಬೇಡ. ತಮ್ಮ ಇಲಾಖೆ ನಡೆಸುವ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಆಶುಭಾಷಣ, ರಂಗೋಲಿಗಳ ಜೊತೆ ‘ಪದಬಂಧ’ವನ್ನೂ ಒಂದು ಸ್ಪರ್ಧೆಯಾಗಿ ಸೇರಿಸಿ. ಇಬ್ಬಿಬ್ಬರು ಮಕ್ಕಳ ಜೋಡಿಯಾಗಿ ಆಡಲಿ. ಒಬ್ಬರು ಕನ್ನಡ ಮನೆಮಾತಿನವರು, ಇನ್ನೊಬ್ಬರು ಅಲ್ಲದವರು ಆದರೆ ಇನ್ನೂ ಒಳ್ಳೆಯದು. ಒಂದರಿಂದ ಮೂರನೆಯ ತರಗತಿಯವರಿಗೆ ನಲಿ-ಕಲಿಯಲ್ಲಿ ಆಟದ ಮೂಲಕ ಕಲಿಸುವ ಕ್ರಮ ಈಗಾಗಲೇ ಇದೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಭಾಷೆಯೊಂದಿಗಿನ ಆಟ ನಿಂತುಹೋಗಬೇಕಾಗಿಲ್ಲ. ಪದಬಂಧಕ್ಕೆ ಪರೀಕ್ಷೆಯ ಅಂಕ ಮಾತ್ರ ದಯವಿಟ್ಟು ಬೇಡ.

ಹಣದ ವಿಚಾರದಲ್ಲಿ ನಮ್ಮ ಬೇಡಿಕೆ ಸಣ್ಣದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಈ ನಗರದ ಜನ ಕಟ್ಟುತ್ತಿದ್ದೇವೆ. ಈಗ ನಗರಕ್ಕೆ ಐದು ಪಾಲಿಕೆಗಳಾಗಿವೆ. ಪಾಲಿಕೆಗೊಂದರಂತೆ ಐದು ಶಾಖಾ ಗ್ರಂಥಾಲಯಗಳನ್ನು ಮೊದಲ ವರ್ಷಕ್ಕೆ ಆರಿಸಿಕೊಟ್ಟರೆ ಸಾಕು. ಭಾನುವಾರ ಎರಡು ಗಂಟೆ, ಒಂದು ಮೇಜು, ಸೂಚನಾ ಫಲಕದಲ್ಲಿ ಒಂದು ಚೀಟಿ. ಗ್ರಂಥಾಲಯದಲ್ಲಿ ಸದ್ದಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. ಆದ್ದರಿಂದ ಮಕ್ಕಳ ವಿಭಾಗವಿರುವ ಅಥವಾ ಪ್ರತ್ಯೇಕ ಕೋಣೆಯಿರುವ ಶಾಖೆಗಳನ್ನೇ ಆರಿಸಿ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಆವರಣದಲ್ಲಿ ವರ್ಷಕ್ಕೊಂದು ದಿನ ಎಲ್ಲ ಬಳಗಗಳೂ ಸೇರಿ ಆಡಲು ಅವಕಾಶ ಸಿಕ್ಕರೆ ನಮ್ಮ ಹಿರಿಯರಿಗೆ ಅದಕ್ಕಿಂತ ಸಂತೋಷ ಬೇರೆಯಿಲ್ಲ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳಿಬಿಡುತ್ತೇನೆ. ಐದೂ ಗ್ರಂಥಾಲಯಗಳಿಗೆ ಪ್ರತಿ ತಿಂಗಳೂ ಹೊಸ ಪದಬಂಧವನ್ನು ನಾವು ಉಚಿತವಾಗಿ ಹೆಣೆದು ಕೊಡುತ್ತೇವೆ. ಕರೆದ ಶಾಲೆಗೆ ಹೋಗಿ ಶಿಕ್ಷಕರಿಗೆ ಪದಬಂಧ ಹೆಣೆಯುವುದನ್ನು ಕಲಿಸುತ್ತೇವೆ. ವಿದ್ಯಾರ್ಥಿಗಳಿಂದ ಸದಸ್ಯತ್ವ ಶುಲ್ಕ ಪಡೆಯುವುದಿಲ್ಲ. ಹಿರಿಯ ಸದಸ್ಯರ ಬಳಿ ಇರುವ, ಕೈಬರಹದ ಸುಳಿವುಗಳ ನೋಟ್‌ಪುಸ್ತಕಗಳನ್ನು ಪದಪಟ್ಟಿ ಸಮಿತಿಗೆ ಒಪ್ಪಿಸುತ್ತೇವೆ. ಇವುಗಳಲ್ಲಿ ನಿಘಂಟಿಗೆ ಇನ್ನೂ ಸೇರದ ಊರುಕೇರಿಯ ಎಷ್ಟೋ ಪದಗಳಿವೆ. ಅವನ್ನು ಬರೆದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಅರ್ಥ ಕೇಳಿ ತಿಳಿಯುವ ಅವಕಾಶ ಇರುವಾಗಲೇ ಈ ಕೆಲಸ ಆಗಬೇಕು. ಆತುರಕ್ಕೆ ಅದೇ ಕಾರಣ.

ರಾಜ್ಯೋತ್ಸವದ ಒಳಗೆ ಐದು ಗ್ರಂಥಾಲಯಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಿ. ಪದಪಟ್ಟಿ ಮತ್ತು ಪ್ರತಿಭಾ ಕಾರಂಜಿಯ ವಿಷಯಕ್ಕೆ ಸಮಯ ಹಿಡಿಯುತ್ತದೆಂದು ನಮಗೆ ಗೊತ್ತು. ಅವುಗಳಿಗಾಗಿ ನಮ್ಮನ್ನು ಒಮ್ಮೆ ಮಾತುಕತೆಗೆ ಕರೆಯಿರಿ. ಸುತ್ತೋಲೆಯಲ್ಲಿ ಅನುಮತಿ ಕೊಡುವ ಅಧಿಕಾರ ಆಯಾ ಶಾಖೆಯ ಗ್ರಂಥಪಾಲಕರಿಗೇ ಇದೆ ಎಂಬ ಒಂದು ಸಾಲನ್ನು ದಯವಿಟ್ಟು ಬರೆಸಿ, ಅದರ ಪ್ರತಿ ನೇರವಾಗಿ ಅವರ ಕೈಗೇ ತಲುಪುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪದಬಂಧ ಬಳಗದ ಪರವಾಗಿ ಒಬ್ಬ ಸದಸ್ಯ
ಬೆಂಗಳೂರು