ದಾದರ್ ಲೋಕಲ್‌ನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ. ಜನವರಿಯ ಆ ಸಂಜೆ ಮುಂಬೈನ ದಾದರ್‌ನಲ್ಲಿ ಲೋಕಲ್ ರೈಲು ಹತ್ತಿ, ಮೇಲಿನ ಹಿಡಿಗೆ ಕೈ ಚಾಚಿದವಳೇ 'ಅಯ್ಯಮ್ಮಾ' ಅಂದೆ. ಕನ್ನಡ ಕೇಳಿ ತಿರುಗಿದಿರಿ, ಎದ್ದು ಸೀಟು ಕೊಟ್ಟಿರಿ. ಆ ಹೊತ್ತಿನ ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಕೊಡುವುದು ಅಂದರೆ ಆಸ್ತಿ ಬರೆದುಕೊಟ್ಟ ಹಾಗೆ!

ಎಂಆರ್‌ಐ ರಿಪೋರ್ಟನ್ನು ನನ್ನ ಫೋನಿನಲ್ಲೇ ಓದಿದಿರಿ. ಭುಜದ ಸುಪ್ರಾಸ್ಪೈನೇಟಸ್ ಸ್ನಾಯುರಜ್ಜು (ತೋಳು ಎತ್ತಲು ನೆರವಾಗುವ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಸ್ವಲ್ಪ ಹರಿದಿದೆ, ಪೂರ್ತಿ ಅಲ್ಲ. 'ನಾನು ರಿಟೈರಾದ ಫಿಸಿಯೋ. ಬಿದ್ದು ಪೂರ್ತಿ ಹರಿದಿದ್ದರೆ ಆಪರೇಷನ್ ಬೇಗ ಯೋಚಿಸಬೇಕಿತ್ತು. ನಿನ್ನದು ಹಾಗಲ್ಲ. ಮೊದಲು 3 ತಿಂಗಳು ವ್ಯಾಯಾಮ ಮಾಡಿ ನೋಡಲಾ ಅಂತ ಡಾಕ್ಟರನ್ನೇ ಕೇಳು' ಅಂದಿರಿ. ಸ್ಟೀರಾಯ್ಡ್ ಇಂಜೆಕ್ಷನ್ ನೋವು ತಗ್ಗಿಸುತ್ತೆ, ಆದರೆ ಪದೇ ಪದೇ ಚುಚ್ಚಿಸಿಕೊಂಡರೆ ರಜ್ಜುವೇ ಸೊರಗಬಹುದು ಅಂತಲೂ ಹೇಳಿದಿರಿ. ಅಲ್ಲಿವರೆಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಥಾಣೆ ಸ್ಟೇಷನ್ ಬರುವಷ್ಟರಲ್ಲಿ ಆ ಗದ್ದಲದಲ್ಲೇ ಬಗ್ಗಿ, ಕೈ ಇಳಿಬಿಟ್ಟು, ಗಡಿಯಾರದ ಲೋಲಕದ ಹಾಗೆ ತೂಗುವ ವ್ಯಾಯಾಮ ತೋರಿಸಿದಿರಿ. ಪಕ್ಕದ ಮೀನಿನ ಬುಟ್ಟಿಯವಳು ಕಣ್ಣರಳಿಸಿ ನೋಡುತ್ತಿದ್ದಳು.

ಡಾಕ್ಟರೂ ಒಪ್ಪಿದರು. 4 ತಿಂಗಳಾಯಿತು. ಜಡೆ ಹಾಕುವಾಗ ಈಗಲೂ ಒಮ್ಮೊಮ್ಮೆ ಚುಳುಕ್ ಅನ್ನುತ್ತೆ. ಆದರೆ ನಿನ್ನೆ ಮೇಲಿನ ಶೆಲ್ಫಿನ ಅವಲಕ್ಕಿ ಡಬ್ಬ ನಾನೇ ಇಳಿಸಿದೆ.

ತುಂಬಾ ಥ್ಯಾಂಕ್ಸ್ ಅಕ್ಕಾ. ಈಗಲೂ ಅದೇ ಲೇಡೀಸ್ ಡಬ್ಬಿ ಹತ್ತುತ್ತೇನೆ, ಸುಮ್ನೆ ನಿಮ್ಮನ್ನು ಹುಡುಕುತ್ತಾ.